ಹನ್ನೊಂದು ಪಟ್ಟು ಗೇನ್ ಯಾರಿಗೆ ಬೇಕಿತ್ತು? ಪೋರ್ಟಬಲ್ ಹೆಡ್‌ಫೋನ್ ಆಂಪ್ ಒಂದರ ಪ್ರಕರಣ ಅಧ್ಯಯನ

ಆಂಪ್ ಒಂದೇ, ದೂರು ಮೂರು. ಇಯರ್‌ಫೋನ್ ಹಾಕಿದರೆ ಹಾಡು ಇಲ್ಲದಾಗಲೂ ಹಿನ್ನೆಲೆಯಲ್ಲಿ ಸ್ಸ್ ಎಂಬ ಸದ್ದು ಕೇಳುತ್ತದೆ. ಅದೇ ಇಯರ್‌ಫೋನಿನಲ್ಲಿ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಎಡಕಿವಿಯಲ್ಲಿ ಹಾಡು ಶುರುವಾಗುತ್ತದೆ, ಬಲಕಿವಿ ಇನ್ನೂ ಸುಮ್ಮನಿರುತ್ತದೆ. ಇನ್ನೂ ಸ್ವಲ್ಪ ತಿರುಗಿಸಿದರೆ ಎರಡೂ ಕಿವಿ ಕಿವುಡಾಗುವಷ್ಟು ಜೋರು. ಮೂರನೆಯ ದೂರು ದೊಡ್ಡ ಹೆಡ್‌ಫೋನಿನದು. ಮೇಜಿನ ಮೇಲಿನ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಜೋಡಿಸಿ ಕೇಳುವಾಗ ಗುಂಡಿ ಅರ್ಧಕ್ಕೂ ಬಂದಿರುವುದಿಲ್ಲ, ಡ್ರಮ್ಮಿನ ಪೆಟ್ಟುಗಳು ಒಡೆದು ಬರುತ್ತವೆ. ಆಂಪಿನ ಒಡೆಯರು ಇದಕ್ಕೆ ಕಂಡುಕೊಂಡಿದ್ದ ಪರಿಹಾರ ಗೇನನ್ನು, ಅಂದರೆ ಆಂಪ್ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು, ಇನ್ನೂ ಏರಿಸುವುದು: 'ಒಡೆಯುತ್ತಿದೆ ಅಂದರೆ ಆಂಪಿಗೆ ಶಕ್ತಿ ಸಾಲುತ್ತಿಲ್ಲ, 11 ಇರುವುದನ್ನು 21 ಮಾಡೋಣ.'

ಆಂಪ್ ಸರಳವಾದದ್ದು. ಚು ಮೊಯ್ ಅವರ ವಿನ್ಯಾಸ. ಕೈಯಾರೆ ಆಂಪ್ ಕಟ್ಟುವವರ ಬಾಯಲ್ಲಿ ಅದು ಸಿಮೋಯ್. 9 ವೋಲ್ಟಿನ ಚೌಕ ಬ್ಯಾಟರಿ ಒಂದು, ಅದರ ವೋಲ್ಟನ್ನು ನಡುವೆ ಸೀಳಿ ಹುಸಿ ಗ್ರೌಂಡ್ (ಸಿಗ್ನಲ್‌ಗೆ ಸೊನ್ನೆ ವೋಲ್ಟಿನ ನೆಲೆ) ಮಾಡಿಕೊಡುವ ಟಿಎಲ್‌ಇ2426 ಚಿಪ್, ಎರಡು ಚಾನೆಲ್‌ಗೂ ಒಂದೇ ಒಪಿಎ2134 ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ಇನ್‌ಪುಟ್‌ನಲ್ಲಿ 10 ಕಿಲೋ ಓಂನ ಜೋಡಿ ಲಾಗ್ ಪಾಟ್ (ವಾಲ್ಯೂಮ್ ಗುಂಡಿ ತಿರುಗಿಸುವ ರೆಸಿಸ್ಟರ್). ಔಟ್‌ಪುಟ್ಟಿನ ಪಾಲನ್ನು ಆಪ್‌ಆಂಪಿನ ಇನ್‌ಪುಟ್ಟಿಗೆ ಮರಳಿಸುವ ಫೀಡ್‌ಬ್ಯಾಕ್ ರೆಸಿಸ್ಟರ್ ಆರ್4 10 ಕಿಲೋ ಓಂ, ಅದರ ಕೆಳಗಿನ ಆರ್3 1 ಕಿಲೋ ಓಂ. ಗೇನ್ ಎಂದರೆ 1 + ಆರ್4/ಆರ್3, ಇಲ್ಲಿ 11 ಪಟ್ಟು, 20.8 ಡೆಸಿಬೆಲ್. ಈ ವಿನ್ಯಾಸವನ್ನು ಕಟ್ಟಿದವರಲ್ಲಿ ಬಹಳ ಮಂದಿ ಮೂಲ ನಕ್ಷೆಯ ಈ ಎರಡು ಬೆಲೆಗಳನ್ನು ಕಣ್ಣುಮುಚ್ಚಿ ಹಾಕಿರುತ್ತಾರೆ.

ಹೆಡ್‌ಫೋನ್ ಎರಡು: 300 ಓಂನ ಸೆನ್‌ಹೈಸರ್ ಎಚ್‌ಡಿ 650, 36 ಓಂನ ಶೂರ್ ಎಸ್‌ಇ535 ಇಯರ್‌ಫೋನ್. ಸಿಗ್ನಲ್ ಕೊಡುವುದೂ ಎರಡು: ಪೂರ್ತಿ ವಾಲ್ಯೂಮಿನಲ್ಲಿ 1 ವೋಲ್ಟ್ ಆರ್‌ಎಂಎಸ್ (ಅಲೆಯ ಒಂದು ಬಗೆಯ ಸರಾಸರಿ, ಶಿಖರವಲ್ಲ) ಕೊಡುವ ಫೋನ್ ಡಾಂಗಲ್ (ಫೋನಿಗೆ ಸಿಕ್ಕಿಸುವ ಹೆಡ್‌ಫೋನ್ ಅಡಾಪ್ಟರ್), 2 ವೋಲ್ಟ್ ಕೊಡುವ ಡ್ಯಾಕ್.

ಎಷ್ಟು ವೋಲ್ಟ್ ಬೇಕು

ಗೇನ್ ಆರಿಸುವ ಲೆಕ್ಕ ಹೆಡ್‌ಫೋನಿನಿಂದ ಶುರುವಾಗಬೇಕು, ಆಂಪಿನಿಂದಲ್ಲ. ಹೆಡ್‌ಫೋನ್ ಕಂಪನಿಗಳು ಸೂಕ್ಷ್ಮತೆಯನ್ನು ಎರಡು ಬಗೆಯಲ್ಲಿ ಬರೆಯುತ್ತವೆ. ಕೆಲವರದು 1 ವೋಲ್ಟಿಗೆ ಎಷ್ಟು ಡೆಸಿಬೆಲ್, ಕೆಲವರದು 1 ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್. ಎರಡನ್ನು ಹಾಗೆಯೇ ಹೋಲಿಸಿದರೆ ಎಡವಟ್ಟಾಗುತ್ತದೆ. ಎಲ್ಲವನ್ನೂ ವೋಲ್ಟಿನ ಲೆಕ್ಕಕ್ಕೆ ತಂದುಕೊಳ್ಳುವುದು ಒಳ್ಳೆಯದು: 1000ವನ್ನು ಹೆಡ್‌ಫೋನಿನ ಓಂನಿಂದ ಭಾಗಿಸಿ, ಲಾಗರಿದಮ್ ತೆಗೆದು, 10ರಿಂದ ಗುಣಿಸಿ, ಮಿಲಿವ್ಯಾಟಿನ ಅಂಕಿಗೆ ಕೂಡಿಸಬೇಕು.

ಎಚ್‌ಡಿ 650ರದು ವೋಲ್ಟಿನ ಲೆಕ್ಕದಲ್ಲೇ ಇದೆ, 1 ವೋಲ್ಟಿಗೆ 103 ಡೆಸಿಬೆಲ್. ಎಸ್‌ಇ535ರದು 1 ಮಿಲಿವ್ಯಾಟಿಗೆ 119. 36 ಓಂಗೆ ಕೂಡಿಸಬೇಕಾದದ್ದು 14.4, ಅಂದರೆ 1 ವೋಲ್ಟಿಗೆ 133.4 ಡೆಸಿಬೆಲ್. ಒಂದೇ ವೋಲ್ಟ್ ಕೊಟ್ಟರೆ ಎರಡರ ನಡುವೆ 30 ಡೆಸಿಬೆಲ್ ಅಂತರ. ವೋಲ್ಟಿನಲ್ಲಿ ಹೇಳುವುದಾದರೆ ಒಂದಕ್ಕೆ ಬೇಕಾದದ್ದರ ಮೂವತ್ತಮೂರನೆಯ ಒಂದು ಪಾಲು ಇನ್ನೊಂದಕ್ಕೆ ಸಾಕು. ಈ ಎರಡಕ್ಕೂ ಒಂದೇ ಗೇನ್ ಹೊಂದಬೇಕೆಂದು ಬಯಸುವುದೇ ಅತಿಯಾಸೆ.

ಗರಿಷ್ಠ ಎಷ್ಟು ಜೋರಿಗೆ ಸಿದ್ಧವಾಗಿರಬೇಕು ಎಂಬುದು ಮುಂದಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ, ಸರಾಸರಿ 80 ಡೆಸಿಬೆಲ್. ಏರಿಳಿತ ಹೆಚ್ಚಿರುವ ಸಂಗೀತದಲ್ಲಿ ಸರಾಸರಿಗಿಂತ ಶಿಖರ 20 ಡೆಸಿಬೆಲ್ ಮೇಲಿರಬಹುದು, ಅಲ್ಲಿಗೆ 100 ಆಯಿತು. ತೀರ ತಗ್ಗಿನಲ್ಲಿ ಧ್ವನಿಮುದ್ರಣವಾದ ಹಾಡುಗಳಿಗೆ ಇನ್ನೊಂದು 10 ಇಟ್ಟುಕೊಂಡರೆ 110. ಇದಕ್ಕಿಂತ ಹೆಚ್ಚು ಬೇಕೆನ್ನುವವರು ಆಂಪಿನ ಬಗ್ಗೆ ಅಲ್ಲ, ಕಿವಿಯ ಬಗ್ಗೆ ಯೋಚಿಸಬೇಕು.

110 ಡೆಸಿಬೆಲ್‌ಗೆ ಎಚ್‌ಡಿ 650 ಕೇಳುವುದು 2.24 ವೋಲ್ಟ್ ಆರ್‌ಎಂಎಸ್. ಎಸ್‌ಇ535ಕ್ಕೆ 0.067 ವೋಲ್ಟ್ ಸಾಕು. ಫೋನ್ ಡಾಂಗಲ್ 1 ವೋಲ್ಟ್ ಕೊಡುವಾಗ ದೊಡ್ಡ ಹೆಡ್‌ಫೋನಿಗೆ ಬೇಕಾದ ಗೇನ್ 2.24. ಡ್ಯಾಕ್ 2 ವೋಲ್ಟ್ ಕೊಡುವಾಗ 1.12. ಹನ್ನೊಂದರ ಹತ್ತಿರಕ್ಕೂ ಯಾವುದೂ ಬರುವುದಿಲ್ಲ. ಇಯರ್‌ಫೋನಿಗಂತೂ ಬೇಕಾದ ಗೇನ್ ಒಂದಕ್ಕಿಂತ ಬಹಳ ಕಡಿಮೆ, ಅಂದರೆ ಸಿಗ್ನಲನ್ನು ಹಿಗ್ಗಿಸುವುದಲ್ಲ, ಕುಗ್ಗಿಸಬೇಕು.

ಬ್ಯಾಟರಿ ಹಾಕಿದ ಚಾವಣಿ

ಇನ್ನು ಡ್ರಮ್ಮಿನ ಪೆಟ್ಟು ಒಡೆಯುವ ವಿಷಯ. 9 ವೋಲ್ಟನ್ನು ಸೀಳಿದರೆ ಆಪ್‌ಆಂಪಿಗೆ ಸಿಗುವುದು ±4.5 ವೋಲ್ಟ್. ಒಪಿಎ2134 ಈ ಅಂಚುಗಳ ತನಕ ಹೋಗಲಾರದು. 300 ಓಂ ಲೋಡಿನಲ್ಲಿ ಮೇಲಂಚಿಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೆ, ಕೆಳಅಂಚಿಗಿಂತ ಸುಮಾರು 1.2 ವೋಲ್ಟ್ ಮೇಲೆ ನಿಂತುಬಿಡುತ್ತದೆ. ಹೊಸ ಬ್ಯಾಟರಿಯಲ್ಲಿ ಸಿಗುವ ಶಿಖರ ಅಂದಾಜು 2.9 ವೋಲ್ಟ್, ಆರ್‌ಎಂಎಸ್‌ನಲ್ಲಿ 2.05. ಎಚ್‌ಡಿ 650ರಲ್ಲಿ ಅದು 109 ಡೆಸಿಬೆಲ್. ಬ್ಯಾಟರಿ 7 ವೋಲ್ಟಿಗೆ ಇಳಿದ ಮೇಲೆ ಶಿಖರ 1.9 ವೋಲ್ಟಿಗೆ, ಧ್ವನಿ 105.5 ಡೆಸಿಬೆಲ್‌ಗೆ ಇಳಿಯುತ್ತದೆ.

ಈ ಚಾವಣಿಗೂ ಗೇನಿಗೂ ಸಂಬಂಧವಿಲ್ಲ. ತೊಟ್ಟಿಯಲ್ಲಿ ಇರುವಷ್ಟೇ ನೀರು, ನಲ್ಲಿಯನ್ನು ಬೇಗ ತಿರುಗಿಸಿದ ಮಾತ್ರಕ್ಕೆ ಹೆಚ್ಚಾಗುವುದಿಲ್ಲ. ಗೇನ್ 11 ಇದ್ದಾಗ ಪಾಟ್ ದಾಟಿ ಬಂದ ಸಿಗ್ನಲ್ 0.26 ವೋಲ್ಟ್ ಶಿಖರ ಮುಟ್ಟಿದರೆ ಕ್ಲಿಪ್ಪಿಂಗ್, ಅಂದರೆ ಅಲೆಯ ತುದಿ ಕತ್ತರಿಸಿಹೋಗುವುದು, ಶುರು. ಡ್ಯಾಕ್‌ನ 2 ವೋಲ್ಟ್ ಆರ್‌ಎಂಎಸ್ ಎಂದರೆ 2.83 ವೋಲ್ಟ್ ಶಿಖರ. ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಒಳಗೆ ಹೋದರೂ ಆಂಪ್ ತುಂಬಿಹೋಗುತ್ತದೆ. ಗುಂಡಿಯ ಸೊನ್ನೆಯನ್ನು ಗಡಿಯಾರದ ಏಳು ಗಂಟೆ, ಕೊನೆಯನ್ನು ಐದು ಗಂಟೆ ಎಂದುಕೊಂಡರೆ, ಸಾಮಾನ್ಯ ಲಾಗ್ ಪಾಟಿನಲ್ಲಿ ಇದು ಹತ್ತು ಗಂಟೆಯ ಆಸುಪಾಸಿನ ಜಾಗ. ಅರ್ಧಕ್ಕೂ ಬಾರದೆ ಒಡೆಯುತ್ತಿದ್ದದ್ದು ಈ ಕಾರಣಕ್ಕೆ. ಗೇನನ್ನು 21 ಮಾಡಿದ್ದರೆ ಅದೇ ಒಡಕು ಒಂಬತ್ತು ಗಂಟೆಗಿಂತ ಮೊದಲೇ ಬರುತ್ತಿತ್ತು, ಧ್ವನಿ ಒಂದು ಡೆಸಿಬೆಲ್ಲೂ ಹೆಚ್ಚುತ್ತಿರಲಿಲ್ಲ.

ಜನ ಮೋಸಹೋಗುವುದು ಗುಂಡಿಯ ಜಾಗ ನೋಡಿ. ಗೇನ್ ಹೆಚ್ಚಿರುವ ಆಂಪ್ ಒಂಬತ್ತು ಗಂಟೆಗೇ ಅಬ್ಬರಿಸುತ್ತದೆ, 'ಇನ್ನೂ ಮುಕ್ಕಾಲು ಪಾಲು ಉಳಿದಿದೆ' ಎಂಬ ಭ್ರಮೆ ಹುಟ್ಟಿಸುತ್ತದೆ. ಉಳಿದ ಆ ಮುಕ್ಕಾಲಿನಲ್ಲಿ ಇರುವುದು ಬರೀ ಕ್ಲಿಪ್ಪಿಂಗ್.

ಇಲ್ಲಿ ಪಕ್ಕದ ಮಾತೊಂದು. 32 ಓಂನ, ಆದರೆ ಸೂಕ್ಷ್ಮತೆ ಕಡಿಮೆ ಇರುವ ಹೆಡ್‌ಫೋನುಗಳಲ್ಲಿ ವೋಲ್ಟಿಗಿಂತ ಮೊದಲು ಕರೆಂಟ್ ಮುಗಿಯುತ್ತದೆ. ಟಿಎಲ್‌ಇ2426 ಹುಸಿ ಗ್ರೌಂಡಿಗೆ ನಿಭಾಯಿಸಬಲ್ಲದ್ದು 20 ಮಿಲಿಆಂಪ್. 300 ಓಂನಲ್ಲೇ ಎರಡೂ ಚಾನೆಲ್ ಶಿಖರ ಮುಟ್ಟಿದಾಗ 19 ಮಿಲಿಆಂಪ್ ಆಗುತ್ತದೆ. ಅಂಥ ಹೆಡ್‌ಫೋನಿಗೆ ಈ ಆಂಪ್ ಹೊಂದದು, ಗೇನ್ ಏನೇ ಇರಲಿ.

ಎಡಕಿವಿ ಮೊದಲು ಏಕೆ

ಅಗ್ಗದ ಜೋಡಿ ಪಾಟಿನಲ್ಲಿ ಎರಡು ಕಾರ್ಬನ್ ಪಟ್ಟಿಗಳಿರುತ್ತವೆ. ಅವು ನಡುಭಾಗದಲ್ಲಿ ಚೆನ್ನಾಗಿ ಹೊಂದುತ್ತವೆ, ತುದಿಗೆ ಬಂದಂತೆ ಹೊಂದಾಣಿಕೆ ಕೆಡುತ್ತದೆ. ಚಿಕ್ಕ ಪಾಟುಗಳ ವಿವರಪಟ್ಟಿಯಲ್ಲಿ ಎರಡು ಚಾನೆಲ್ ನಡುವಿನ ವ್ಯತ್ಯಾಸಕ್ಕೆ ಕೊಡುವ ಭರವಸೆ ಹೆಚ್ಚಾಗಿ −40 ಡೆಸಿಬೆಲ್‌ವರೆಗೆ ಮಾತ್ರ, ಅದೂ ±3 ಡೆಸಿಬೆಲ್ ಒಳಗೆ ಎಂದು. ಅದಕ್ಕಿಂತ ಕೆಳಗೆ ಏನಾದರೂ ಆಗಬಹುದು.

ಎಸ್‌ಇ535ನಲ್ಲಿ ಹಿತವಾಗಿ ಕೇಳುವಾಗ ಶಿಖರ 95 ಡೆಸಿಬೆಲ್ ಎಂದುಕೊಳ್ಳೋಣ. ಬೇಕಾದದ್ದು 12 ಮಿಲಿವೋಲ್ಟ್, ಡಾಂಗಲ್‌ನ 1 ವೋಲ್ಟಿಗಿಂತ 38.4 ಡೆಸಿಬೆಲ್ ಕೆಳಗೆ. ಗೇನ್ 11 ಅದರ ಮೇಲೆ 20.8 ಏರಿಸುವುದರಿಂದ ಪಾಟ್ 59 ಡೆಸಿಬೆಲ್ ಕುಗ್ಗಿಸಬೇಕು. 300 ಡಿಗ್ರಿ ತಿರುಗುವ ಲಾಗ್ ಪಾಟಿನ ಲೆಕ್ಕದಲ್ಲಿ ಅದು ಸೊನ್ನೆಯಿಂದ ಸುಮಾರು ಒಂದು ಡಿಗ್ರಿ. ಒಂದು ಡಿಗ್ರಿಯಲ್ಲಿ ಯಾವ ಪಾಟೂ ಎರಡು ಕಿವಿಗೆ ಸಮನಾಗಿ ಹಂಚುವುದಿಲ್ಲ. ಪಾಟ್ ಬದಲಿಸಬೇಕೆಂದು ಹೊರಡುವವರು ಇಲ್ಲೇ ದುಡ್ಡು ದಂಡ ಮಾಡಿಕೊಳ್ಳುವುದು. ದುಬಾರಿ ಪಾಟ್ ಹಾಕಿದರೂ ಆ ಒಂದು ಡಿಗ್ರಿಯಲ್ಲಿ ಬೆರಳು ನಿಲ್ಲಿಸುವುದು ಆಗದ ಮಾತು.

ಸ್ಸ್ ಸದ್ದಿನ ಅಂಕಿ

ಮೊದಲು ಸದ್ದು ಎಲ್ಲಿಯದು ಎಂದು ಪತ್ತೆಮಾಡಬೇಕು. ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿ ಕೇಳಿ. ಆಗಲೂ ಅಷ್ಟೇ ಇದ್ದರೆ ಆಂಪಿನದು. ಗುಂಡಿ ಏರಿಸಿದಂತೆ ಹೆಚ್ಚಾದರೆ ಫೋನಿನದೋ ಡ್ಯಾಕ್‌ನದೋ. ಈ ಪ್ರಕರಣದಲ್ಲಿ ಸೊನ್ನೆಯಲ್ಲೂ ಇತ್ತು.

ಒಪಿಎ2134ರ ಸ್ವಂತ ಗದ್ದಲ ಹರ್ಟ್ಸ್‌ನ ವರ್ಗಮೂಲಕ್ಕೆ 8 ನ್ಯಾನೋವೋಲ್ಟ್. 1 ಕಿಲೋ ಮತ್ತು 10 ಕಿಲೋ ಓಂ ಜೋಡಿ ಸೇರಿಸುವ ಉಷ್ಣಗದ್ದಲ ಸುಮಾರು 3.8. ಎರಡನ್ನೂ ವರ್ಗ ಮಾಡಿ ಕೂಡಿಸಿ, 20 ಕಿಲೋಹರ್ಟ್ಸ್ ಅಗಲಕ್ಕೆ ಲೆಕ್ಕ ಹಾಕಿದರೆ ಇನ್‌ಪುಟ್ ಬದಿಯಲ್ಲಿ 1.25 ಮೈಕ್ರೋವೋಲ್ಟ್. ಹನ್ನೊಂದು ಪಟ್ಟಾಗಿ ಹೊರಗೆ ಬರುವಾಗ 13.8. ವೋಲ್ಟಿಗೆ 133 ಡೆಸಿಬೆಲ್ ಕೂಗುವ ಇಯರ್‌ಫೋನಿನಲ್ಲಿ ಅದು 36 ಡೆಸಿಬೆಲ್ ಆಗುತ್ತದೆ. ಕಿವಿಯೊಳಗೆ ಕೂರುವ, ಹೊರಗಿನ ಸದ್ದನ್ನು ತಡೆಯುವ ವಸ್ತುವಿನಲ್ಲಿ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಆಪ್‌ಆಂಪ್ ಇಟ್ಟುಕೊಂಡು ಗೇನ್ 2.5ಕ್ಕೆ ಇಳಿಸಿದರೆ 24 ಡೆಸಿಬೆಲ್, 1ಕ್ಕೆ ಇಳಿಸಿದರೆ 17. ಎಚ್‌ಡಿ 650ರಲ್ಲಿ ಇವೆಲ್ಲ ಇನ್ನೂ 30 ಡೆಸಿಬೆಲ್‌ನಷ್ಟು ಕಡಿಮೆ ಇರುವುದರಿಂದ ದೊಡ್ಡ ಹೆಡ್‌ಫೋನಿನಲ್ಲಿ ಈ ದೂರೇ ಬರಲಿಲ್ಲ.

ಹೊರಗೆ ಬರುವ ಡಿಸಿ ಆಫ್‌ಸೆಟ್ಟೂ (ಸಿಗ್ನಲ್ ಇಲ್ಲದಾಗಲೂ ಉಳಿಯುವ ಸ್ಥಿರ ವೋಲ್ಟ್) ಗೇನಿನಿಂದ ಗುಣಾಕಾರವಾಗುತ್ತದೆ. ಒಪಿಎ2134ರಲ್ಲಿ ಅದು ಸಾಮಾನ್ಯವಾಗಿ 0.5 ಮಿಲಿವೋಲ್ಟ್, ಹೆಚ್ಚೆಂದರೆ 2. ಹನ್ನೊಂದು ಪಟ್ಟಿಗೆ ಅದು 5.5ರಿಂದ 22 ಮಿಲಿವೋಲ್ಟ್. 20 ದಾಟಿದರೆ ಸೂಕ್ಷ್ಮ ಇಯರ್‌ಫೋನ್ ಜೋಡಿಸಲು ಮನಸ್ಸಾಗದು. ಗೇನ್ ಒಂದಾದರೆ ಆ ಚಿಂತೆಯೇ ಇಲ್ಲ.

ಆರಿಸಿದ ಗೇನ್

ಕೊನೆಗೆ ನಿಂತದ್ದು ಎರಡು ಗೇನ್, ಜೊತೆಗೆ ಒಂದು ಇನ್‌ಪುಟ್ ಪ್ಯಾಡ್, ಅಂದರೆ ಒಳಬರುವ ಸಿಗ್ನಲನ್ನು ಕುಗ್ಗಿಸುವ ರೆಸಿಸ್ಟರ್ ಜೋಡಿ. ಗೇನ್ 2.5 ಮತ್ತು 1. ಪ್ಯಾಡ್ ಸುಮಾರು 12 ಡೆಸಿಬೆಲ್.

ಮೇಲಿನ ಗೇನಿಗೆ 2 ಸಾಕಲ್ಲವೇ ಎಂಬ ವಾದವಿತ್ತು, ಅದರಲ್ಲಿ ಹುರುಳೂ ಇದೆ. 1 ವೋಲ್ಟಿಗೆ 2 ಪಟ್ಟು ಎಂದರೆ 2.83 ವೋಲ್ಟ್ ಶಿಖರ, 2.9ರ ಚಾವಣಿಯ ಕೆಳಗೇ ನಿಲ್ಲುತ್ತದೆ, ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಹೊಸ ಬ್ಯಾಟರಿಯಲ್ಲಿ ಒಡೆಯುವುದಿಲ್ಲ. ಆದರೆ ಪ್ಯಾಡ್‌ಗೆಂದು ಹಾಕುವ ರೆಸಿಸ್ಟರ್ ಯಾವಾಗಲೂ ದಾರಿಯಲ್ಲಿ ಇರುತ್ತದೆ, ಪ್ಯಾಡ್ ಆಫ್ ಇದ್ದಾಗಲೂ 0.8 ಡೆಸಿಬೆಲ್ ತಿನ್ನುತ್ತದೆ. 2.5ರಲ್ಲಿ ಅದನ್ನು ಕಳೆದರೆ ಉಳಿಯುವುದು 2.27, ಮೊದಲು ಲೆಕ್ಕ ಹಾಕಿದ 2.24ಕ್ಕೆ ಸರಿಯಾಗಿ. 4ಕ್ಕೆ ಹೋಗುವುದರಲ್ಲಿ ಅರ್ಥವಿರಲಿಲ್ಲ, ಈ ಬ್ಯಾಟರಿಯಲ್ಲಿ ಅಷ್ಟು ವೋಲ್ಟೇ ಇಲ್ಲ.

ಈ ಆಂಪಿನಂಥ ನಾನ್‌ಇನ್ವರ್ಟಿಂಗ್ (ಸಿಗ್ನಲನ್ನು ತಲೆಕೆಳಗು ಮಾಡದ) ಸರ್ಕ್ಯೂಟಿನಲ್ಲಿ ಗೇನ್ ಒಂದಕ್ಕಿಂತ ಕೆಳಗೆ ಇಳಿಯದು. ಇಯರ್‌ಫೋನಿಗೆ ಒಂದೂ ಹೆಚ್ಚು. ಹೀಗಾಗಿ ಪ್ಯಾಡ್ ಬೇಕಾಯಿತು. ಹೊರಗಡೆ ಕೇಬಲ್ಲಿನಲ್ಲಿ ಹಾಕುವ ವಾಲ್ಯೂಮ್ ಅಡಾಪ್ಟರ್ ಸುಲಭ, ಆದರೆ ಅದು ಇಯರ್‌ಫೋನಿಗೆ ಸರಣಿಯಲ್ಲಿ ರೆಸಿಸ್ಟನ್ಸ್ ಸೇರಿಸುತ್ತದೆ. ಎಸ್‌ಇ535ರಂಥ ಬ್ಯಾಲೆನ್ಸ್ಡ್ ಆರ್ಮೇಚರ್ ಇಯರ್‌ಫೋನುಗಳ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ಓಂ) ಒಂದೊಂದು ಫ್ರೀಕ್ವೆನ್ಸಿಯಲ್ಲಿ ಒಂದೊಂದು ಬಗೆ, ಸರಣಿಯಲ್ಲಿ ಕೆಲವು ಹತ್ತು ಓಂ ಸೇರಿದರೆ ಧ್ವನಿಯ ಬಣ್ಣವೇ ಬದಲಾಗುತ್ತದೆ. ಇನ್‌ಪುಟ್ ಕಡೆ ಕುಗ್ಗಿಸಿದರೆ ಆ ಗೊಡವೆ ಇಲ್ಲ.

ಪ್ಯಾಡನ್ನು ಹೇಗೆ ಹಾಕಬೇಕು ಎಂಬಲ್ಲಿ ಒಂದು ಜಾಣತನದ ದಾರಿ ಕಾಣುತ್ತದೆ, ಅದು ಹಳ್ಳಕ್ಕೆ ಬೀಳಿಸುವ ದಾರಿ. ಪಾಟಿನ ಮುಂದೆ 30 ಕಿಲೋ ಓಂ ಒಂದನ್ನೇ ಸರಣಿಯಲ್ಲಿ ಹಾಕಿದರೆ 10 ಕಿಲೋ ಓಂ ಪಾಟ್ ಜೊತೆ ಸೇರಿ ತಾನೇ 12 ಡೆಸಿಬೆಲ್ ಕುಗ್ಗುತ್ತದೆ. ಆದರೆ ಪಾಟಿನ ಒಟ್ಟು ಓಂ ಬೆಲೆಗೆ ±20 ಶೇಕಡಾ ವ್ಯತ್ಯಾಸ ಇರಬಹುದು, ಎಡ ಪಟ್ಟಿ 9 ಕಿಲೋ ಓಂ, ಬಲ ಪಟ್ಟಿ 11 ಆಗಿರಬಹುದು. ಪಾಟ್ ಒಂಟಿಯಾಗಿದ್ದಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 30 ಕಿಲೋ ಓಂ ಜೊತೆ ಸೇರಿದರೆ ಅದು ಗುಂಡಿಯ ಎಲ್ಲ ಜಾಗದಲ್ಲೂ ಒಂದು ಡೆಸಿಬೆಲ್ಲಿಗಿಂತ ಹೆಚ್ಚಿನ ಎಡಬಲ ಅಂತರವಾಗಿ ಕೂರುತ್ತದೆ. ಒಂದು ರೋಗಕ್ಕೆ ಮದ್ದು ಕೊಡಲು ಹೋಗಿ ಅದೇ ರೋಗ ಅಂಟಿಸಿದಂತೆ.

ಅದಕ್ಕೆ ಪಾಟಿನ ಬೆಲೆಯನ್ನು ನಂಬದ, ಕಡಿಮೆ ಓಂನ ಪ್ಯಾಡ್: ಇನ್‌ಪುಟ್ ಜ್ಯಾಕ್‌ನಿಂದ ಪಾಟಿನ ಮೇಲ್ತುದಿಗೆ 1 ಕಿಲೋ ಓಂ, ಮೇಲ್ತುದಿಯಿಂದ ಗ್ರೌಂಡಿಗೆ ಸ್ವಿಚ್ ಮೂಲಕ 330 ಓಂ. ಸ್ವಿಚ್ ಹಾಕಿದಾಗ 12.3 ಡೆಸಿಬೆಲ್ ಕುಗ್ಗುತ್ತದೆ, ತೆಗೆದಾಗ 0.8. ಪಾಟಿನ ಎರಡು ಪಟ್ಟಿಗಳು 8 ಮತ್ತು 12 ಕಿಲೋ ಓಂನಷ್ಟು ಕೆಟ್ಟದಾಗಿದ್ದರೂ ಅಂತರ 0.3 ಡೆಸಿಬೆಲ್ ಆಸುಪಾಸಿನಲ್ಲೇ ಇರುತ್ತದೆ. ಪ್ಯಾಡ್ ಇದ್ದಾಗ ಡಾಂಗಲ್ ಅಥವಾ ಡ್ಯಾಕ್‌ಗೆ ಕಾಣುವ ಲೋಡ್ 1.3 ಕಿಲೋ ಓಂ. ಹೆಡ್‌ಫೋನ್ ನಡೆಸಲೆಂದೇ ಮಾಡಿದ ಡಾಂಗಲ್‌ಗೆ ಇದು ಏನೂ ಅಲ್ಲ. ವಾಲ್ವ್ ಔಟ್‌ಪುಟ್ ಇರುವ ಉಪಕರಣಕ್ಕೆ ಮಾತ್ರ ಈ ಪ್ಯಾಡ್ ಬೇಡ.

ಬೆಸುಗೆಯ ಕೆಲಸ

ಬೇಕಾದ ಭಾಗಗಳು ಎಲ್ಲವೂ ಎರಡೆರಡು, ಚಾನೆಲ್‌ಗೆ ಒಂದರಂತೆ: 3 ಕಿಲೋ, 2 ಕಿಲೋ, 1 ಕಿಲೋ ಮತ್ತು 330 ಓಂ, ಎಲ್ಲ ಕಾಲು ವ್ಯಾಟ್, ಮೆಟಲ್ ಫಿಲ್ಮ್, 1 ಶೇಕಡಾದವು. ಎರಡು ಪೋಲಿನ ಚಿಕ್ಕ ಸ್ಲೈಡ್ ಸ್ವಿಚ್ ಎರಡು.

ಆರ್4 10 ಕಿಲೋ ಓಂ ತೆಗೆದು ಆ ಜಾಗಕ್ಕೆ 3 ಕಿಲೋ. ಆರ್3 ಜಾಗಕ್ಕೆ 2 ಕಿಲೋ, ಆದರೆ ಅದರ ಗ್ರೌಂಡ್ ಕಡೆಯ ಕಾಲನ್ನು ನೇರ ಗ್ರೌಂಡಿಗೆ ಹಾಕದೆ ಸ್ವಿಚ್ಚಿಗೆ. ಸ್ವಿಚ್ ಕೂಡಿದಾಗ ಗೇನ್ 1 + 3/2, ಅಂದರೆ 2.5. ಬಿಟ್ಟಾಗ ಆರ್3 ಗಾಳಿಯಲ್ಲಿ ತೇಲುತ್ತದೆ, ಗೇನ್ 1.

ಸ್ವಿಚ್ ಆರ್3 ಕಡೆ ಇರುವುದು ಬರೀ ಅನುಕೂಲಕ್ಕಲ್ಲ. ಕೆಲವರು ಆರ್4 ಬದಲಿಸುವಂತೆ ಸ್ವಿಚ್ ಹಾಕುತ್ತಾರೆ. ಸ್ಲೈಡ್ ಸ್ವಿಚ್ ಒಂದು ಕಡೆಯಿಂದ ಇನ್ನೊಂದಕ್ಕೆ ಸರಿಯುವ ಆ ಒಂದು ಕ್ಷಣ ಫೀಡ್‌ಬ್ಯಾಕ್ ಪೂರ್ತಿ ಕಡಿದುಹೋಗುತ್ತದೆ, ಆಪ್‌ಆಂಪ್ ನೇರ ಬ್ಯಾಟರಿಯ ಅಂಚಿಗೆ ಹಾರುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಆ ಢಬ್ ಎಂಬ ಪೆಟ್ಟು ಮರೆಯಲಾಗದ್ದು. ಸ್ವಿಚ್ಚಿನ ಸಂಪರ್ಕ ಹಳೆಯದಾಗಿ ಸಡಿಲವಾದರೆ ಇದೇ ಪೆಟ್ಟು ತಾನಾಗಿ ಬರುತ್ತಿರುತ್ತದೆ. ಆರ್3 ಕಡೆಯ ಸ್ವಿಚ್ ಕೆಟ್ಟರೆ ಆಗುವುದು ಇಷ್ಟೇ, ಗೇನ್ ಒಂದಕ್ಕೆ ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮ: ಆರ್3 ರೆಸಿಸ್ಟರನ್ನು ಆಪ್‌ಆಂಪಿನ ಇನ್ವರ್ಟಿಂಗ್ ಪಿನ್ನಿಗೆ, ಅಂದರೆ 2 ಮತ್ತು 6ನೆಯ ಪಿನ್ನಿಗೆ, ಆದಷ್ಟು ಹತ್ತಿರ ಬೆಸುಗೆ ಹಾಕಿ, ಸ್ವಿಚ್ಚಿಗೆ ಹೋಗುವ ಉದ್ದದ ತಂತಿಯನ್ನು ಅದರ ಆಚೆಯ ಕಾಲಿನಿಂದ ಎಳೆಯಬೇಕು. ತಂತಿಯ ಕೆಪಾಸಿಟನ್ಸ್ ನೇರವಾಗಿ ಇನ್ವರ್ಟಿಂಗ್ ಪಿನ್ನಿಗೆ ತಾಗಿದರೆ ಆಂಪ್ ಆಸಿಲೇಟ್ ಆಗುವ, ಅಂದರೆ ತಾನಾಗಿ ಕಂಪಿಸುವ, ಸಂಭವ ಹೆಚ್ಚು.

ಗೇನ್ ಇಳಿಸುವಾಗ ನೆನಪಿಡಬೇಕಾದದ್ದೂ ಅದೇ, ಸ್ಥಿರತೆ. ಒಪಿಎ2134 ಮತ್ತು ಎನ್‌ಇ5532 ಗೇನ್ ಒಂದರಲ್ಲಿ ಸ್ಥಿರ. ಎನ್‌ಇ5534 ಹೊರಗಿನ ಕೆಪಾಸಿಟರ್ ಇಲ್ಲದೆ ಮೂರಕ್ಕಿಂತ ಕೆಳಗೆ ನಿಲ್ಲುವುದಿಲ್ಲ. ಒಪಿಎ637 ಐದಕ್ಕಿಂತ ಕೆಳಗೆ ಬೇಡವೇ ಬೇಡ. ಹನ್ನೊಂದು ಪಟ್ಟಿನಲ್ಲಿ ಸುಮ್ಮನೆ ಕೂತಿದ್ದ ಆಪ್‌ಆಂಪ್ ಗೇನ್ ಒಂದರಲ್ಲಿ ಮೆಗಾಹರ್ಟ್ಸ್ ಲೆಕ್ಕದಲ್ಲಿ ಕುಣಿಯಬಹುದು. ಕಿವಿಗೆ ಅದು ಕೇಳಿಸದು, ಚಿಪ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಆಸಿಲೋಸ್ಕೋಪ್ ಇಲ್ಲದಿದ್ದರೆ ಬ್ಯಾಟರಿಗೆ ಸರಣಿಯಲ್ಲಿ ಮಲ್ಟಿಮೀಟರ್ ಹಾಕಿ ಸಂಗೀತವಿಲ್ಲದಾಗಿನ ಕರೆಂಟ್ ನೋಡಿ. ಒಪಿಎ2134ರ ಎರಡು ಆಂಪಿಗೆ ಒಟ್ಟು 8 ಮಿಲಿಆಂಪ್, ಎಲ್‌ಇಡಿಗೆ ಒಂದೋ ಎರಡೋ. ಹತ್ತರ ಆಸುಪಾಸಿನಲ್ಲಿದ್ದರೆ ಸರಿ. ಗೇನ್ ಸ್ವಿಚ್ ಒಂದಕ್ಕೆ ತಂದ ಕೂಡಲೇ 20 ದಾಟಿದರೆ ಆಸಿಲೇಷನ್ ಎಂದೇ ಅನುಮಾನಿಸಬೇಕು. ಚಿಪ್ಪಿನ 4 ಮತ್ತು 8ನೆಯ ಪಿನ್ನುಗಳ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದೆಯೇ ಎಂದು ನೋಡುವುದು ಮೊದಲ ಕೆಲಸ.

ಸ್ವಿಚ್ ಎಲ್ಲಿ ಕೂರಿಸಬೇಕು? ಪ್ಯಾಡ್ ಹಾಕಿ ಗೇನ್ ಒಂದರಲ್ಲಿ ಕೇಳುತ್ತಿರುವಾಗ ಎರಡೂ ಸ್ವಿಚ್ ಜೇಬಿನಲ್ಲಿ ಜಾರಿದರೆ ಧ್ವನಿ ಒಮ್ಮೆಲೇ ಸುಮಾರು 19.5 ಡೆಸಿಬೆಲ್ ಜಿಗಿಯುತ್ತದೆ. ಗೇನ್ ಸ್ವಿಚ್ಚನ್ನು ಡಬ್ಬಿಯ ಒಳಗೆ, ಮುಚ್ಚಳ ತೆಗೆದರೆ ಮಾತ್ರ ಸಿಗುವಂತೆ ಇಟ್ಟು, ಪ್ಯಾಡ್ ಸ್ವಿಚ್ಚನ್ನಷ್ಟೇ ಹೊರಗೆ ತಂದರೆ ಜಿಗಿತ 11.5ಕ್ಕೆ ಸೀಮಿತ. ಮುಂಭಾಗದಲ್ಲಿ ಗೇನ್ ಸ್ವಿಚ್ ಇಟ್ಟು ಅದಕ್ಕೊಂದು ಚಂದದ ಅಕ್ಷರ ಬರೆಯುವ ಚಾಳಿ ಪೋರ್ಟಬಲ್ ಆಂಪುಗಳಿಗೆ ಒಳ್ಳೆಯದಲ್ಲ.

ಅಳೆದು ನೋಡುವುದು

ಹೆಡ್‌ಫೋನ್ ಕಿತ್ತಿಟ್ಟು, ಅದರ ಬದಲು ಔಟ್‌ಪುಟ್ಟಿಗೆ 300 ಓಂ ರೆಸಿಸ್ಟರ್ ಹಾಕಿ. ಮೊದಲು ಗೇನ್ 1ರಲ್ಲಿ ಡಿಸಿ ಅಳೆಯಿರಿ: ಎರಡೂ ಚಾನೆಲ್‌ನಲ್ಲಿ 2 ಮಿಲಿವೋಲ್ಟ್ ಆಸುಪಾಸಿನ ಒಳಗಿರಬೇಕು. ನೂರಾರು ಮಿಲಿವೋಲ್ಟ್ ಬಂದರೆ ಬೆಸುಗೆ ತಪ್ಪಿದೆ, ಹೆಚ್ಚಾಗಿ ಆರ್4ರ ಒಂದು ಕಾಲು ಹಿಡಿದಿರುವುದಿಲ್ಲ.

ಆಮೇಲೆ 100 ಹರ್ಟ್ಸಿನ ಸೈನ್ ಟೋನ್, ಪೂರ್ತಿ ಮಟ್ಟದ್ದು, ಅಂದರೆ 0 ಡಿಬಿಎಫ್‌ಎಸ್. 1 ಕಿಲೋಹರ್ಟ್ಸ್ ಬೇಡ. ಅಗ್ಗದ ಮಲ್ಟಿಮೀಟರುಗಳು ಎಸಿ ವೋಲ್ಟನ್ನು ಸರಿಯಾಗಿ ತೋರಿಸುವುದು ಕೆಲವು ನೂರು ಹರ್ಟ್ಸ್ ಒಳಗೆ ಮಾತ್ರ. ಡಾಂಗಲ್ ನಿಜಕ್ಕೂ 1 ವೋಲ್ಟ್ ಕೊಡುತ್ತಿದೆಯೇ ಎಂದು ಮೊದಲು ನೋಡಬೇಕು. ಫೋನಿನ ವಾಲ್ಯೂಮ್ ಒಂದು ಹಂತ ಕಡಿಮೆ ಇದ್ದರೂ, ಧ್ವನಿ ಮಿತಿ ಆನ್ ಇದ್ದರೂ ಇಲ್ಲಿ ಬಯಲಾಗುತ್ತದೆ. 'ಗೇನ್ ಸಾಲದು' ಎಂಬ ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ. ಗುಂಡಿಯನ್ನು ನಡುವೆ ಇಟ್ಟು ಪಾಟಿನ ನಡುಕಾಲಿನ ವೋಲ್ಟ್ ಮತ್ತು ಔಟ್‌ಪುಟ್ಟಿನ ವೋಲ್ಟ್ ಅಳೆದು ಭಾಗಿಸಿದರೆ ಗೇನ್. 2.45ರಿಂದ 2.55ರ ನಡುವೆ ಬಂದರೆ ಸಾಕು, ಎರಡು ಚಾನೆಲ್ ತಮ್ಮೊಳಗೆ ಹೊಂದಿದರೆ ಮುಖ್ಯ.

ಕ್ಲಿಪ್ಪಿಂಗ್ ಹುಡುಕಲು ಗುಂಡಿಯನ್ನು ನಿಧಾನ ಏರಿಸುತ್ತ ಹೋಗಿ. ಪಾಟಿನ ನಡುಕಾಲಿನಲ್ಲಿ ವೋಲ್ಟ್ ಏರುತ್ತಿದ್ದರೂ ಔಟ್‌ಪುಟ್ ಅದೇ ಪ್ರಮಾಣದಲ್ಲಿ ಏರುವುದನ್ನು ನಿಲ್ಲಿಸಿದ ಜಾಗವೇ ಚಾವಣಿ. ಗೇನ್ 2.5, ಡಾಂಗಲ್, ಹೊಸ ಬ್ಯಾಟರಿ ಇದ್ದಾಗ ಲೆಕ್ಕದ ಪ್ರಕಾರ ಅದು ನಾಲ್ಕೂವರೆ ಗಂಟೆಯ ಹತ್ತಿರ, ಬ್ಯಾಟರಿ 7 ವೋಲ್ಟಿಗೆ ಬಂದಾಗ ಎರಡೂವರೆಯ ಹತ್ತಿರ. ಮೊದಲು ಇದೇ ಡಾಂಗಲ್‌ನಲ್ಲಿ ಹನ್ನೆರಡು ದಾಟುತ್ತಿದ್ದಂತೆ ಒಡೆಯುತ್ತಿತ್ತು.

ಎಡಬಲದ ಹೊಂದಾಣಿಕೆಯನ್ನು ಕೇಳುವ ಮಟ್ಟದಲ್ಲೇ ಅಳೆಯಬೇಕು, ಗುಂಡಿ ಪೂರ್ತಿ ಏರಿಸಿ ಅಳೆದರೆ ಎಲ್ಲ ಪಾಟುಗಳೂ ಸಾಚಾ. ಪೂರ್ತಿ ಮಟ್ಟದ ಟೋನಿಗೆ ಔಟ್‌ಪುಟ್ 12 ಮಿಲಿವೋಲ್ಟ್ ಬರುವ ಜಾಗದಲ್ಲಿ ನಿಲ್ಲಿಸಿ ಎರಡೂ ಚಾನೆಲ್ ಓದಿಕೊಳ್ಳಿ. ಮೀಟರಿನಲ್ಲಿ ಎಸಿ ಮಿಲಿವೋಲ್ಟ್ ಇರಬೇಕು. ಎಡಕ್ಕೆ 12, ಬಲಕ್ಕೆ 8 ಬಂದರೆ ಅಂತರ 3.5 ಡೆಸಿಬೆಲ್, ಹಾಡು ಒಂದು ಬದಿಗೆ ವಾಲುತ್ತದೆ. 12 ಮತ್ತು 11.5 ಬಂದರೆ 0.4, ಗಮನಕ್ಕೆ ಬರುವುದು ಕಷ್ಟ.

ಬದಲಾವಣೆಯ ನಂತರ ಗುಂಡಿ ಎಲ್ಲಿ ನಿಲ್ಲುತ್ತದೆ ಎಂಬುದು ಈ ಪ್ರಕರಣದ ತಿರುಳು. ಎಚ್‌ಡಿ 650, ಶಿಖರ 100 ಡೆಸಿಬೆಲ್: ಡಾಂಗಲ್ ಜೊತೆ ಗೇನ್ 2.5ರಲ್ಲಿ ಒಂದು ಗಂಟೆ, ಡ್ಯಾಕ್ ಜೊತೆ ಗೇನ್ 1ರಲ್ಲಿ ಒಂದೂವರೆಗೆ ಹತ್ತಿರ. ಮೊದಲು ಇವು ಒಂಬತ್ತು ಮತ್ತು ಎಂಟು ಇದ್ದವು. ಡ್ಯಾಕ್ ಇದ್ದಾಗ ಗೇನ್ 1ರಲ್ಲಿ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರೂ ಹೊರಬರುವುದು 1.8 ವೋಲ್ಟ್, ಹೊಸ ಬ್ಯಾಟರಿಯ ಚಾವಣಿಗೆ ತಾಗುವುದೇ ಇಲ್ಲ. ಎಸ್‌ಇ535, ಶಿಖರ 95: ಡಾಂಗಲ್, ಪ್ಯಾಡ್, ಗೇನ್ 1 ಇದ್ದಾಗ ಸೊನ್ನೆಯಿಂದ ಸುಮಾರು 50 ಡಿಗ್ರಿ, ಅಂದರೆ ಎಂಟು ಮುಕ್ಕಾಲರ ಆಸುಪಾಸು. ಪಾಟ್ ಈಗ ಕುಗ್ಗಿಸುತ್ತಿರುವುದು 26 ಡೆಸಿಬೆಲ್, ಭರವಸೆಯ 40ರ ಒಳಗೆ ಆರಾಮಾಗಿ. ಡ್ಯಾಕ್ ಜೊತೆ ಇಯರ್‌ಫೋನ್ ಬಳಸಿದರೆ ಗುಂಡಿ ಎಂಟಕ್ಕಿಂತ ಕೆಳಗೆ ಬರುತ್ತದೆ. ಆಗ ಕಂಪ್ಯೂಟರಿನ ವಾಲ್ಯೂಮನ್ನೇ 6ರಿಂದ 10 ಡೆಸಿಬೆಲ್ ಇಳಿಸಿಕೊಂಡರೆ ಆಯಿತು. 24 ಬಿಟ್ ಡ್ಯಾಕ್‌ನಲ್ಲಿ ಅಷ್ಟು ಡಿಜಿಟಲ್ ಇಳಿಕೆಯಿಂದ ಕಿವಿಗೆ ತಿಳಿಯುವ ನಷ್ಟವೇನೂ ಇಲ್ಲ. ಡಿಜಿಟಲ್ ವಾಲ್ಯೂಮ್ ಮುಟ್ಟಬಾರದು ಎಂಬ ಮಡಿ 16 ಬಿಟ್ ಕಾಲದ್ದು.

ಈ ಬೆಲೆಗಳು ಈ ಎರಡು ಹೆಡ್‌ಫೋನುಗಳಿಗೆ ಹೊಂದಿದವು. ನಾಳೆ 600 ಓಂನ ಬೇಯರ್‌ಡೈನಮಿಕ್ ಡಿಟಿ 880 ಬಂತೆನ್ನಿ. ಅದರ ಸೂಕ್ಷ್ಮತೆ ಮಿಲಿವ್ಯಾಟಿಗೆ 96 ಡೆಸಿಬೆಲ್, ವೋಲ್ಟಿನ ಲೆಕ್ಕದಲ್ಲಿ 98.2. ಅದೇ 110ಕ್ಕೆ 3.9 ವೋಲ್ಟ್ ಆರ್‌ಎಂಎಸ್, 5.5 ವೋಲ್ಟ್ ಶಿಖರ ಬೇಕು. ಒಂದು 9 ವೋಲ್ಟ್ ಬ್ಯಾಟರಿಯಲ್ಲಿ ಅದು ಯಾವ ಗೇನಿಗೂ ಬರುವುದಿಲ್ಲ. ಮೊದಲು ಬ್ಯಾಟರಿ ಎರಡಾಗಬೇಕು. ಎರಡರ ನಡುವಿನ ಜೋಡಣೆಯೇ ಗ್ರೌಂಡ್ ಆಗುವುದರಿಂದ ಟಿಎಲ್‌ಇ2426 ಬೇಡ. ±9 ವೋಲ್ಟಿನಲ್ಲಿ ಶಿಖರ 7 ವೋಲ್ಟ್ ದಾಟುತ್ತದೆ. ಪವರ್ ಸ್ವಿಚ್ ಎರಡು ಪೋಲಿನದೇ ಆಗಬೇಕು. ಒಂದೇ ಬ್ಯಾಟರಿ ಕಡಿದು ಇನ್ನೊಂದು ಉಳಿದರೆ ಔಟ್‌ಪುಟ್ಟಿನಲ್ಲಿ ಡಿಸಿ ನಿಲ್ಲುತ್ತದೆ. ಅದೆಲ್ಲ ಆದಮೇಲೆ ಆರ್3 ಜಾಗದ 2 ಕಿಲೋ ಓಂ ತೆಗೆದು 1 ಕಿಲೋ ಹಾಕಿದರೆ ಗೇನ್ 4. ಪ್ಯಾಡಿನ 0.8 ಕಳೆದು ಡಾಂಗಲ್‌ನಿಂದ 3.6 ವೋಲ್ಟ್ ಸಿಗುತ್ತದೆ, 109 ಡೆಸಿಬೆಲ್‌ಗೆ ಒಂದಿಷ್ಟು ಮೇಲೆ.